1969ರ ಕಮಾರೊಗೆ ಹಿಂದಿನ ಗಾಜಿನ ಬ್ಲೋವರ್ (ಸಿ50): ಹಾಕುವುದು ಸರಿಯಾ? ಹಾಕಿದರೆ ಹೇಗೆ?

ನಾರ್ವುಡ್_ಕೂಪ್

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಶಿಗನ್‌ನಲ್ಲಿ. 1969ರ ಶೆವ್ರೊಲೆ ಕಮಾರೊ ಒಂದನ್ನು ಪೂರ್ತಿ ಬಿಚ್ಚಿ ರಿಸ್ಟೋರ್ ಮಾಡುತ್ತಿದ್ದೇನೆ. ಸ್ಪೋರ್ಟ್ ಕೂಪ್, 350 ವಿ8, ಎಸಿ ಇಲ್ಲ. ವಿನ್ (ಗಾಡಿಯ ಗುರುತಿನ ಸಂಖ್ಯೆ) ಶುರುವಾಗುವುದು 124379ಎನ್ ಅಂತ. ಅಂದರೆ ವಿ8 ಕೂಪ್, ಒಹಾಯೋದ ನಾರ್ವುಡ್ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಪೇಂಟ್ ಕೆಲಸ ಮುಗಿದಿದೆ. ಒಳಗಡೆ ಇನ್ನೂ ಖಾಲಿ. ಸೀಟು, ಕಾರ್ಪೆಟ್, ಹಿಂದಿನ ಶೆಲ್ಫಿನ ಬೋರ್ಡು ಯಾವುದೂ ಕೂತಿಲ್ಲ.

ಈಗ ಹಳೇ ಬಿಡಿಭಾಗಗಳ ಸಂತೆಯಲ್ಲಿ ಸಿ50 ಸೆಟ್ ಒಂದು ಸಿಕ್ಕಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸಿ50 ಅಂದರೆ ಹಿಂದಿನ ಗಾಜಿನ ಮಂಜು ಬಿಡಿಸಲು ಶೆವ್ರೊಲೆ ಕಾರ್ಖಾನೆಯಲ್ಲೇ ಹಾಕಿಕೊಡುತ್ತಿದ್ದ ಆಪ್ಷನ್. 1967, 68, 69 ಮೂರೂ ವರ್ಷದ ಕಮಾರೊಗೆ ಇತ್ತು. ಹಿಂದಿನ ಸೀಟಿನ ಮೇಲಿನ ಶೆಲ್ಫಿನ ಕೆಳಗೆ, ಡಿಕ್ಕಿಯ ಕಡೆಯಿಂದ ಒಂದು ಚಿಕ್ಕ ಬ್ಲೋವರ್ ಕೂರುತ್ತದೆ. ಶೆಲ್ಫ್ ಮೇಲೆ ಗ್ರಿಲ್. ಮುಂದೆ ಡ್ಯಾಶ್ ಹತ್ತಿರ ಸ್ವಿಚ್. ಅಷ್ಟೇ. ದುಡ್ಡು ಕೊಟ್ಟು ಇದನ್ನು ಹಾಕಿಸಿಕೊಂಡವರು ಕಡಿಮೆ, ಹಾಗಾಗಿ ಈಗ ಕಣ್ಣಿಗೆ ಬೀಳುವುದೇ ಅಪರೂಪ.

ನನಗೆ ಸಿಕ್ಕಿದ್ದರಲ್ಲಿ ಮೋಟಾರ್, ಅದರ ಹೌಸಿಂಗ್, ಗ್ರಿಲ್, ಸ್ವಿಚ್ ಇವೆ. ವೈರಿಂಗ್ ಅರ್ಧಕ್ಕೆ ಕತ್ತರಿಸಿದೆ. ನನ್ನ ಗಾಡಿಗೆ ಇದು ಮೊದಲೇ ಇತ್ತಾ ಅಂತ ತಿಳಿಯುವುದು ಹೇಗೆ? ಇರಲಿಲ್ಲ ಅಂದರೆ ಹಾಕಬಹುದಾ? ಒಳಗಡೆ ಮುಚ್ಚುವ ಮೊದಲು ತೀರ್ಮಾನ ಮಾಡಬೇಕು. ಆಮೇಲೆ ಮತ್ತೆ ಎಲ್ಲ ಬಿಚ್ಚುವ ಮನಸ್ಸಿಲ್ಲ.

ಹಳೇ_ಕಾಗದ

ಮೊದಲು ಕಾಗದದ ವಿಷಯ ಮಾತಾಡೋಣ. ಮೋಟಾರ್ ರಿಪೇರಿ ಆಮೇಲೂ ಮಾಡಬಹುದು.

ಶೆವ್ರೊಲೆ ಗಾಡಿಗಳ ಕಷ್ಟ ಇದೇ. ಕೌಲ್ ಟ್ಯಾಗ್ (ಮುಂದಿನ ಗಾಜಿನ ಬುಡದ ತಗಡಿಗೆ ಹೊಡೆದಿರುವ ಸಣ್ಣ ಲೋಹದ ಪಟ್ಟಿ) ನೋಡಿದರೆ ಬಾಡಿ ಯಾವುದು, ಪೇಂಟ್ ಕೋಡ್, ಒಳಗಿನ ಟ್ರಿಮ್ ಕೋಡ್, ಯಾವ ತಿಂಗಳ ಯಾವ ವಾರದಲ್ಲಿ ತಯಾರಾಯಿತು ಅನ್ನುವುದು ಗೊತ್ತಾಗುತ್ತದೆ. ಬ್ಲೋವರ್ ಇತ್ತಾ ಇಲ್ವಾ ಅಂತ ಅದು ಹೇಳುವುದಿಲ್ಲ. ವಾರಂಟಿ ಪುಸ್ತಕದ ಜೊತೆ ಬರುತ್ತಿದ್ದ ಲೋಹದ ಪ್ಲೇಟಿನಲ್ಲೂ ಎಲ್ಲಾ ಆಪ್ಷನ್ ಇರುವುದಿಲ್ಲ. ಗಟ್ಟಿ ಸಾಕ್ಷಿ ಬೇಕು ಅಂದರೆ ಎರಡೇ ಕಾಗದ. ಒಂದು, ಶೋರೂಮಿನಲ್ಲಿ ಗಾಜಿಗೆ ಅಂಟಿಸಿದ್ದ ಬೆಲೆಪಟ್ಟಿ. ಇನ್ನೊಂದು, ಕಾರ್ಖಾನೆಯ ಬಿಲ್ಡ್ ಶೀಟ್. ಈ ಶೀಟ್ ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ, ಕೆಲವದರಲ್ಲಿ ಸೀಟಿನ ಒಳಗೆ ಸಿಕ್ಕಿದೆ. ಟ್ಯಾಂಕ್ ಇಳಿಸಿದಾಗ ಮೇಲ್ಭಾಗ ನೋಡಿದ್ದಿರಾ?

ಬೇರೆಯವರಿಗೆ ಈ ತಾಪತ್ರಯ ಇಲ್ಲ. ನಿಮ್ಮದು ಅದೇ ವರ್ಷದ ಪಾಂಟಿಯಾಕ್ ಫೈರ್‌ಬರ್ಡ್ ಆಗಿದ್ದರೆ ಪಿಎಚ್‌ಎಸ್‌ಗೆ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್, ಪಾಂಟಿಯಾಕ್ ಗಾಡಿಗಳ ಹಳೇ ದಾಖಲೆ ಕೊಡುವವರು) ವಿನ್ ಕಳಿಸಿ ದುಡ್ಡು ಕಟ್ಟಿದರೆ ಆಪ್ಷನ್ ಪಟ್ಟಿಯೇ ಬರುತ್ತಿತ್ತು. ಫೋರ್ಡ್‌ನವರಿಗೆ 1967ರಿಂದ ಮುಂದಕ್ಕೆ ಮಾರ್ಟಿ ರಿಪೋರ್ಟ್ ಇದೆ. ಡಾಡ್ಜ್, ಪ್ಲಿಮತ್ ಗಾಡಿಗಳ ಫೆಂಡರ್ ಟ್ಯಾಗ್ ಮೇಲೆ ಆಪ್ಷನ್ ಕೋಡನ್ನೇ ಒತ್ತಿರುತ್ತಾರೆ. ಅವರ ಹಿಂದಿನ ಗಾಜಿನ ಬ್ಲೋವರಿಗೆ ಎಚ್31 ಅಂತ ಕೋಡ್. ಕಣ್ಣಲ್ಲೇ ಓದಿಕೊಳ್ಳಬಹುದು. ನಿಮ್ಮ ಗಾಡಿ ಹೊಸದಾಗಿ ಕೆನಡಾದಲ್ಲಿ ಮಾರಾಟ ಆಗಿದ್ದರೆ ಅಲ್ಲಿನ ಜಿಎಂ (ಜನರಲ್ ಮೋಟಾರ್ಸ್, ಶೆವ್ರೊಲೆಯ ಮಾಲೀಕ ಕಂಪನಿ) ದಾಖಲೆ ಸಿಗುತ್ತದೆ. ಅಮೆರಿಕದಲ್ಲಿ ಮಾರಿದ ಕಮಾರೊಗೆ ಅಂಥ ದಾರಿ ಇಲ್ಲ.

ಕಾಗದ ಸಿಗದಿದ್ದರೆ ಗಾಡಿಯನ್ನೇ ಓದಬೇಕು. ಪೇಂಟ್ ಮಾಡಿಸುವ ಮೊದಲು ತೆಗೆದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ. ಶೆಲ್ಫಿನ ಅಡಿಯಲ್ಲಿ ಸ್ಕ್ರೂ ತೂತುಗಳ ಸುತ್ತ ತುಕ್ಕಿನ ಉಂಗುರ ಇದೆಯಾ? ಹೌಸಿಂಗ್ ಕೂತಿದ್ದ ಜಾಗದಲ್ಲಿ ಬಣ್ಣದ ಅಂಚು ಬೇರೆ ಕಾಣುತ್ತದಾ? ಡ್ಯಾಶ್ ಕೆಳಗೆ ಸ್ವಿಚ್ಚಿಗೆ ಬೇಕಾದ ತೂತು? ಹಳೇ ಬೋರ್ಡ್ ಎಸೆದಿಲ್ಲ ತಾನೇ?

ಕಡಲತಡಿ

ಮಂಗಳೂರಿನಿಂದ ಓದುತ್ತಿದ್ದೇನೆ. ಒಂದು ಅನುಮಾನ. ಈಗಿನ ಕಾರುಗಳಲ್ಲಿ ಹಿಂದಿನ ಗಾಜಿಗೆ ಬಿಸಿ ಆಗುವ ಗೆರೆಗಳಿರುತ್ತವೆ. ಸಿ50ರಲ್ಲಿ ಹೀಟರ್ ಇದೆಯಾ, ಬರೀ ಫ್ಯಾನಾ? ಬರೀ ಗಾಳಿ ಹೊಡೆದರೆ ಮಂಜು ಹೇಗೆ ಹೋಗುತ್ತದೆ?

ತೇವದ_ಲೆಕ್ಕ

ಒಳ್ಳೇ ಪ್ರಶ್ನೆ. ಬರೀ ಫ್ಯಾನ್. ಕಾಯಿಲ್ ಇಲ್ಲ, ನೀರಿನ ಪೈಪ್ ಇಲ್ಲ. ಮುಂದಿನ ಹೀಟರ್ ಬಿಸಿ ಮಾಡಿದ ಒಳಗಿನ ಗಾಳಿಯನ್ನೇ ಎಳೆದು ಹಿಂದಿನ ಗಾಜಿಗೆ ಊದುತ್ತದೆ.

ಕಾರಿನೊಳಗೆ 20 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 50 ಇದೆ ಅಂತ ಇಟ್ಟುಕೊಳ್ಳಿ. ಆಗ ಗಾಜಿನ ಒಳಮೈ ಸುಮಾರು 9 ಡಿಗ್ರಿಗಿಂತ ಕೆಳಗೆ ಹೋದರೆ ಹನಿ ಕಟ್ಟುತ್ತದೆ. ಕಮಾರೊದ ಹಿಂದಿನ ಗಾಜು ತುಂಬಾ ಓರೆ. ಹೀಟರಿನ ಬಿಸಿಗಾಳಿ ಅಲ್ಲಿಗೆ ತಾನಾಗಿ ಮುಟ್ಟುವುದಿಲ್ಲ. ಗಾಜಿನ ಪಕ್ಕದಲ್ಲೇ ತಣ್ಣಗಿನ ಗಾಳಿಯ ಪದರ ನಿಂತುಬಿಡುತ್ತದೆ. ಬ್ಲೋವರ್ ಆ ಪದರವನ್ನು ಒಡೆದು ಬಿಸಿಗಾಳಿ ತಂದು ಗಾಜನ್ನು ಆ ಮಿತಿಗಿಂತ ಮೇಲಕ್ಕೆ ಎತ್ತುತ್ತದೆ. ಹನಿ ಕಟ್ಟಿದ್ದರೆ ಆರುತ್ತದೆ. ಎಂಜಿನ್ ಬಿಸಿ ಆಗುವವರೆಗೆ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಹೊರಗಡೆ ಕಟ್ಟಿದ ಹಿಮಕ್ಕಂತೂ ಇದು ಸಾಲದು. ಗೆರೆಗಳಿರುವ ಬಿಸಿಗಾಜು ಜಿಎಂ ಗಾಡಿಗಳಲ್ಲಿ ಎಲ್ಲೆಡೆ ಬಂದಿದ್ದು ಎಪ್ಪತ್ತರ ದಶಕದಲ್ಲಿ.

ಆದರೆ ಒಂದು ಮಾತು ಮರೆಯಬಾರದು. ಬ್ಲೋವರ್ ಗಾಳಿಯನ್ನು ಸುತ್ತಿಸುತ್ತದೆ, ತೇವವನ್ನು ಹೊರಗೆ ಹಾಕುವುದಿಲ್ಲ. ನಾಲ್ಕು ಜನ ಕೂತು ಉಸಿರು ಬಿಡುತ್ತಿದ್ದರೆ ತೇವ ಏರುತ್ತಲೇ ಇರುತ್ತದೆ. ಹೊರಗಿನ ಗಾಳಿ ಒಳಗೆ ಬರಲೇಬೇಕು. ಹೊರಗೆ 0 ಡಿಗ್ರಿ, ತೇವಾಂಶ ಶೇ. 80 ಇರುವ ಗಾಳಿಯನ್ನು 20 ಡಿಗ್ರಿಗೆ ಬಿಸಿ ಮಾಡಿದರೆ ಅದರ ತೇವಾಂಶ ಶೇ. 20ರ ಆಸುಪಾಸಿಗೆ ಇಳಿಯುತ್ತದೆ. ಆ ಒಣಗಾಳಿಯೇ ನಿಜವಾದ ಮದ್ದು.

ಹಾಗಾಗಿ ನಾರ್ವುಡ್ ಅವರೇ, ಸಿ50 ಬಗ್ಗೆ ಯೋಚಿಸುವಾಗ ಮುಂದಿನಿಂದ ಹೊರಗಿನ ಗಾಳಿ ಬರುವ ದಾರಿಯನ್ನೂ ನೋಡಿ. 1967ರ ಕಮಾರೊ ಬಾಗಿಲಿನಲ್ಲಿ ತಿರುಗಿಸುವ ಸಣ್ಣ ತ್ರಿಕೋನದ ಗಾಜಿತ್ತು. ನಮ್ಮ ಅಂಬಾಸಿಡರ್, ಪದ್ಮಿನಿಯಲ್ಲಿ ಇತ್ತಲ್ಲ, ಅಂಥದ್ದೇ. 1968ರಲ್ಲಿ ಅದನ್ನು ತೆಗೆದು ಆಸ್ಟ್ರೋ ವೆಂಟಿಲೇಶನ್ ತಂದರು. ಆಮೇಲೆ ಗಾಳಿಯೆಲ್ಲ ಬರುವುದು ಮುಂದಿನ ಗಾಜಿನ ಬುಡದಲ್ಲಿರುವ ಕೌಲ್ ಜಾಲರಿಯಿಂದ. ಗಾಡಿ ಓಡುವಾಗ ಅಲ್ಲಿ ಗಾಳಿಯ ಒತ್ತಡ ಜಾಸ್ತಿ, ಅದಕ್ಕೇ ಆ ಜಾಗ. ಹತ್ತಾರು ವರ್ಷದ ಎಲೆ, ಮಣ್ಣು ಅಲ್ಲೇ ಸೇರಿ ಒದ್ದೆಯಾಗಿ ತಗಡು ಕೊಳೆಯುತ್ತದೆ. ಪೈಪಿನಲ್ಲಿ ನೀರು ಬಿಟ್ಟು ನೋಡಿ. ಸರಸರ ಇಳಿದು ಕೆಳಗೆ ಹೋಗಬೇಕು, ಒಳಗೆ ಕಾಲಿನ ಹತ್ತಿರ ಒಂದು ಹನಿ ಬರಬಾರದು. ಕೌಲ್ ಸೋರುವ ಗಾಡಿಯಲ್ಲಿ ಕಾರ್ಪೆಟ್ ಒದ್ದೆ ಇರುತ್ತದೆ. ಒದ್ದೆ ಕಾರ್ಪೆಟ್ ಇರುವವರೆಗೆ ಯಾವ ಬ್ಲೋವರೂ ಗೆಲ್ಲುವುದಿಲ್ಲ.

ಇನ್ನೊಂದು. ಗಾಜಿನ ಮೇಲಿನ ಮಂಜು ಒರೆಸಿದರೆ ಜಿಡ್ಡು ಬರುತ್ತದೆ, ಸಿಹಿ ವಾಸನೆ ಇದೆ ಅಂದರೆ ಅದು ಬರೀ ನೀರಲ್ಲ. ಹೀಟರ್ ಕೋರ್ (ಎಂಜಿನ್ನಿನ ಬಿಸಿ ಕೂಲೆಂಟ್ ಹರಿಯುವ, ಹೀಟರಿನ ಒಳಗಿನ ಸಣ್ಣ ರೇಡಿಯೇಟರ್) ಸೋರಿ ಕೂಲೆಂಟ್ ಆವಿ ಬರುತ್ತಿದೆ ಅಂತ ಅರ್ಥ. ಮೊದಲು ಅದನ್ನು ಬದಲಾಯಿಸಿ.

ನಾರ್ವುಡ್_ಕೂಪ್

ಇಬ್ಬರಿಗೂ ತುಂಬಾ ಧನ್ಯವಾದ. ಟ್ಯಾಂಕ್ ಮೇಲೆ ಕಾಗದದ ಚೂರೂ ಇಲ್ಲ. ಹಳೇ ಫೋಟೋದಲ್ಲಿ ಶೆಲ್ಫ್ ಅಡಿ ಸ್ಪಷ್ಟವಾಗಿ ಕಾಣುತ್ತದೆ, ಸ್ಕ್ರೂ ಗುರುತು ಇಲ್ಲ. ಡ್ಯಾಶ್ ಕೆಳಗೂ ಏನೂ ಇಲ್ಲ. ಅಂದರೆ ಈ ಗಾಡಿ ಸಿ50 ಇಲ್ಲದೆಯೇ ಹೊರಗೆ ಬಂದಿದೆ ಅಂತಲೇ ಇಟ್ಟುಕೊಳ್ಳುತ್ತೇನೆ. ಕೌಲ್ ಪರೀಕ್ಷೆ ಪೇಂಟಿಗೆ ಮೊದಲೇ ಆಗಿದೆ, ಸೋರುತ್ತಿಲ್ಲ.

ಮೂಲರೂಪ

ಹಾಗಾದರೆ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಖಾರವಾಗಿ ಹೇಳುತ್ತಿಲ್ಲ, ಕಾಳಜಿಯಿಂದ ಹೇಳುತ್ತಿದ್ದೇನೆ.

ಇವತ್ತು ನೀವು ಇಷ್ಟಪಟ್ಟು ಹಾಕುತ್ತೀರಿ. ಮುಂದೆ ಗಾಡಿ ಇನ್ನೊಬ್ಬರ ಕೈಗೆ ಹೋಗುತ್ತದೆ. ಅವರು ಅದನ್ನು ನೋಡಿ ಕಾರ್ಖಾನೆಯದೇ ಅಂದುಕೊಳ್ಳುತ್ತಾರೆ. ಮೂರನೆಯವರ ಹತ್ತಿರ ಹೋಗುವಾಗ ಅದು ಜಾಹೀರಾತಿನಲ್ಲಿ ಬರುತ್ತದೆ. ಯಾರೂ ಬೇಕಂತ ಸುಳ್ಳು ಹೇಳಿಲ್ಲ, ಆದರೆ ಸುಳ್ಳು ಹುಟ್ಟಿತಲ್ಲ. ಶೆವ್ರೊಲೆಗೆ ದಾಖಲೆ ಇಲ್ಲದಿರುವುದರಿಂದಲೇ ನಮ್ಮ ಮೇಲೆ ಜವಾಬ್ದಾರಿ ಜಾಸ್ತಿ. 1969ರಲ್ಲಿ ಝಡ್/28 ಅನ್ನುವ ವಿಶೇಷ ಕಮಾರೊ ತಯಾರಾಗಿದ್ದು 20,302. ಅದಕ್ಕೆ ಕಾರ್ಖಾನೆಯ ಎಸಿ ಕೊಡುತ್ತಲೇ ಇರಲಿಲ್ಲ. ಇನ್ನೊಂದು ವಿಶೇಷ ಮಾದರಿ ಝಡ್ಎಲ್1 ಕಮಾರೊ ತಯಾರಾಗಿದ್ದು ಬರೀ 69. ಅಂಥ ಗಾಡಿಗಳಲ್ಲಿ ಒಂದೊಂದು ಬೋಲ್ಟನ್ನೂ ಜನ ಪರೀಕ್ಷೆ ಮಾಡುತ್ತಾರೆ. ಸಾಮಾನ್ಯ 350 ಕೂಪಿಗೆ ಯಾರು ಅಷ್ಟು ನೋಡುತ್ತಾರೆ? ಹಾಗಾಗಿ ಇಂಥ ಗಾಡಿಗಳ ಚರಿತ್ರೆಯೇ ಮೊದಲು ಕಲಸುಮೇಲೋಗರ ಆಗುವುದು.

ಹಳೇ_ಕಾಗದ

ನಿಮ್ಮ ಆತಂಕ ಸರಿ. ಆದರೆ ಪರಿಹಾರ ಬೇರೆ ಇದೆ ಅನ್ನಿಸುತ್ತದೆ. ಹಾಕಲಿ. ಹಾಕಿದ್ದನ್ನು ಬರೆದಿಡಲಿ. ಸೆಟ್ ಕೊಂಡ ರಸೀದಿ, ಹಾಕುವ ಮೊದಲಿನ ಶೆಲ್ಫಿನ ಫೋಟೋ, ಹಾಕಿದ ವರ್ಷ, ಎಲ್ಲಾ ಗಾಡಿಯ ಫೈಲಿನಲ್ಲಿರಲಿ. ಹೌಸಿಂಗಿನ ಒಳಮೈಯಲ್ಲಿ, ಡಿಕ್ಕಿಯಿಂದ ಕಾಣದ ಕಡೆ, ಪೇಂಟ್ ಪೆನ್ನಿನಲ್ಲಿ ವರ್ಷ ಬರೆಯಿರಿ. ಫೈಲ್ ಕಳೆದುಹೋಗಬಹುದು. ಆದರೂ ಹೌಸಿಂಗ್ ಬಿಚ್ಚಿದವರಿಗೆ ಸತ್ಯ ಸಿಗುತ್ತದೆ.

ಆ ವರ್ಷದ ಪಟ್ಟಿಯಲ್ಲಿದ್ದ ಆಪ್ಷನ್, ಈ ಗಾಡಿಗೆ ಆಗ ಕೊಳ್ಳಬಹುದಾಗಿದ್ದ ಆಪ್ಷನ್. ಅದು ತಪ್ಪಲ್ಲ. ಜಿಎಂ ಹೆರಿಟೇಜ್‌ನವರು ಪ್ರತಿ ವರ್ಷದ ಶೆವ್ರೊಲೆ ಮಾಹಿತಿ ಕಿಟ್ ಪುಕ್ಕಟೆಯಾಗಿ ಕೊಡುತ್ತಾರೆ. 1969ರ ಕಮಾರೊದ್ದು ತೆಗೆದು ಫೈಲಿಗೆ ಸೇರಿಸಿ.

ಮೂಲರೂಪ

ಹೌಸಿಂಗ್ ಒಳಗೆ ವರ್ಷ ಬರೆಯುವುದು ಒಳ್ಳೆಯದು. ಅದಾದರೆ ನನ್ನ ತಕರಾರಿಲ್ಲ. ಆದರೆ ತಗಡು ಕತ್ತರಿಸುವ ವಿಷಯದಲ್ಲಿ ದಯವಿಟ್ಟು ಅವಸರ ಬೇಡ.

ತಗಡಿನ_ಕೆಲಸ

ಅದಕ್ಕೇ ಬಂದೆ. ಕತ್ತರಿ ಮುಟ್ಟುವ ಮೊದಲು ಕಾರ್ಖಾನೆಯ ಅಸೆಂಬ್ಲಿ ಮ್ಯಾನ್ಯುವಲ್ ತರಿಸಿ. ಮರುಮುದ್ರಣ ಸುಲಭವಾಗಿ ಸಿಗುತ್ತದೆ. ಅದರ ಹಿಂಭಾಗದಲ್ಲಿ ಆಪ್ಷನ್ ಕೋಡಿನ ಪ್ರಕಾರ ಹಾಳೆಗಳಿವೆ, ಸಿ50ಕ್ಕೂ ಇದೆ. ಯಾವ ಸ್ಕ್ರೂ ಎಲ್ಲಿ, ವೈರ್ ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದನ್ನು ಆ ಚಿತ್ರ ನೋಡಿಯೇ ಮಾಡಿ. ಇಂಟರ್ನೆಟ್ಟಿನಲ್ಲಿ ಸಿಗುವ ಯಾರದೋ ಗಾಡಿಯ ಫೋಟೋ ನೋಡಿ ಅಳತೆ ಹಿಡಿಯಬೇಡಿ, ಆ ಗಾಡಿಗೆ ಯಾರು ಹಾಕಿದ್ದರೋ.

ಬ್ಲೋವರನ್ನು ಶೆಲ್ಫ್ ಅಡಿಗೆ ಹಿಡಿದು ಟೇಪಿನಲ್ಲಿ ನಿಲ್ಲಿಸಿ, ಡಿಕ್ಕಿ ಮುಚ್ಚಳ ನಿಧಾನವಾಗಿ ಪೂರ್ತಿ ತೆರೆದು ಮುಚ್ಚಿ. ಮುಚ್ಚಳವನ್ನು ಎತ್ತಿ ಹಿಡಿಯುವ ಟಾರ್ಷನ್ ರಾಡುಗಳು ಅಲ್ಲೇ ಅಡ್ಡ ಹೋಗುತ್ತವೆ. ಹೌಸಿಂಗಿಗೆ, ವೈರಿಗೆ ಎಲ್ಲೂ ತಾಗಬಾರದು. ಆ ರಾಡುಗಳಲ್ಲಿ ಒತ್ತಡ ತುಂಬಾ. ಸರಿಯಾದ ಉಪಕರಣ ಇಲ್ಲದೆ ಬಿಚ್ಚಲು ಹೋಗಬೇಡಿ, ಕೈ ಮುರಿಯುತ್ತದೆ.

ಗ್ರಿಲ್ ಕೂರುವ ಬೋರ್ಡಿಗೆ ನೀವು ಕತ್ತರಿಸುವುದೇ ಬೇಡ. ಬ್ಲೋವರಿಗೆ ಜಾಗ ಬಿಟ್ಟಿರುವ ಬೋರ್ಡೇ ಹೊಸದಾಗಿ ಸಿಗುತ್ತದೆ. ಮೊದಲು ಬೋರ್ಡ್ ತಂದು ಶೆಲ್ಫ್ ಮೇಲೆ ಕೂರಿಸಿ. ಹಿಂದಿನ ಗಾಜಿನ ಅಂಚಿಗೆ ಸರಿಯಾಗಿ ಒತ್ತಿ ಕೂತ ಮೇಲೆ ಅದರ ತೂತು ಕೆಳಗಿನ ತಗಡಿನ ಯಾವ ಜಾಗಕ್ಕೆ ಬರುತ್ತದೆ ನೋಡಿ, ಮ್ಯಾನ್ಯುವಲ್ ಚಿತ್ರದ ಜೊತೆ ತಾಳೆ ಮಾಡಿ. ಎರಡೂ ಒಪ್ಪಿದ ಮೇಲೆಯೇ ಡ್ರಿಲ್. ಕೊರೆದ ಅಂಚಿಗೆಲ್ಲ ಅರ, ಪ್ರೈಮರ್, ಬಣ್ಣ. ಹಸಿ ತಗಡು ಬಿಟ್ಟರೆ ಮುಂದಿನ ಚಳಿಗಾಲಕ್ಕೆ ತುಕ್ಕು ಕಾಣುತ್ತದೆ.

ತಂತಿ_ಕಾರ್ಬನ್

ಮೋಟಾರಿನ ಬಗ್ಗೆ ನಾನು ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಗಾಡಿಗೆ ಕೂರಿಸುವ ಮೊದಲು ಬೆಂಚ್ ಮೇಲೆ ಓಡಿಸಿ. ಮೊದಲು ಕೈಯಲ್ಲಿ ತಿರುಗಿಸಿ. ಬಿಗಿ ಇದ್ದರೆ ಕರೆಂಟ್ ಕೊಡಬೇಡಿ. ಅರ್ಧ ಶತಮಾನಕ್ಕೂ ಜಾಸ್ತಿ ಸುಮ್ನೆ ಕೂತಿದ್ದ ಮೋಟಾರಿನಲ್ಲಿ ಎಣ್ಣೆ ಒಣಗಿ ಅಂಟಾಗಿರುತ್ತದೆ. ಶಾಫ್ಟಿನ ಎರಡೂ ತುದಿಯಲ್ಲಿ ಎಣ್ಣೆ ಹೀರಿಕೊಂಡ ಕಂಚಿನ ಬುಶ್ ಇರುತ್ತದೆ. ಹಳೇ ಅಂಟು ತೆಗೆದು ತೆಳುವಾದ ಟರ್ಬೈನ್ ಎಣ್ಣೆ ಎರಡು ಹನಿ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಆ ಕ್ಷಣಕ್ಕೆ ತಿರುಗುತ್ತದೆ, ಆಮೇಲೆ ಇದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ.

ಕಮ್ಯುಟೇಟರ್ ನೋಡಿ, ಅಂದರೆ ಶಾಫ್ಟಿನ ಮೇಲೆ ಕಾರ್ಬನ್ ಬ್ರಷ್ ಉಜ್ಜುವ ತಾಮ್ರದ ಭಾಗ. ತಾಮ್ರ ಕಂದು ಬಣ್ಣಕ್ಕೆ ತಿರುಗಿ ನಯವಾಗಿದ್ದರೆ ಮುಟ್ಟಬೇಡಿ. ಕಪ್ಪಾಗಿ ಗೀರು ಬಿದ್ದಿದ್ದರೆ ಮಾತ್ರ ತುಂಬಾ ನುಣುಪಾದ ಉಜ್ಜುಕಾಗದ ಹಿಡಿದು ಸ್ವಚ್ಛ ಮಾಡಿ. ತಾಮ್ರದ ಪಟ್ಟಿಗಳ ನಡುವಿನ ಸಂದಿಯಲ್ಲಿ ಕಾರ್ಬನ್ ಪುಡಿ ಕೂತಿರುತ್ತದೆ. ಮರದ ಕಡ್ಡಿಯಿಂದ ತೆಗೆಯಿರಿ. ಬ್ರಷ್ ಸವೆದಿದ್ದರೆ ಹೊಸದು ಹಾಕಿ. ಅಳತೆ ಹೊಂದದಿದ್ದರೆ ಸ್ವಲ್ಪ ದೊಡ್ಡದು ತಂದು ಉಜ್ಜಿ ಇಳಿಸಬಹುದು.

ಇನ್ನು ತಿರುಗುವ ದಿಕ್ಕು. ಇದನ್ನು ಯಾರೂ ನೋಡುವುದಿಲ್ಲ. ಅಳಿಲು ಪಂಜರದಂಥ ಈ ಫ್ಯಾನ್ ಉಲ್ಟಾ ತಿರುಗಿದರೂ ಗಾಳಿ ಗ್ರಿಲ್ಲಿನಿಂದಲೇ ಬರುತ್ತದೆ. ಆದರೆ ತೀರಾ ಕಮ್ಮಿ. ಜನ ಅದನ್ನು ನೋಡಿ ಹಳೇ ಕಾಲದ ಮೋಟಾರ್ ಇಷ್ಟೇ ಅಂತ ಬಿಟ್ಟುಬಿಡುತ್ತಾರೆ. ಒಳಗಿರುವುದು ಶಾಶ್ವತ ಆಯಸ್ಕಾಂತವಾದರೆ ಎರಡು ವೈರ್ ಅದಲುಬದಲಾದರೆ ಸಾಕು, ದಿಕ್ಕು ಬದಲಾಗುತ್ತದೆ. ಒಳಗೆ ಫೀಲ್ಡ್ ಕಾಯಿಲ್ ಇರುವ ಸೀರೀಸ್ ಮೋಟಾರ್ ಆದರೆ ಹೊರಗಿನ ವೈರ್ ಬದಲಿಸಿದರೂ ದಿಕ್ಕು ಬದಲಾಗದು. ನಿಮ್ಮದು ಯಾವುದು ಅಂತ ಬೆಂಚ್ ಮೇಲೇ ನೋಡಿಕೊಳ್ಳಿ. ಫ್ಯಾನ್ ಚಕ್ರದ ಅಂಚಿನಲ್ಲಿ ಸಣ್ಣ ಲೋಹದ ಕ್ಲಿಪ್ ಇದ್ದರೆ ಕೀಳಬೇಡಿ. ಅದು ಬ್ಯಾಲೆನ್ಸ್ ತೂಕ. ಕಿತ್ತರೆ ಇಡೀ ಶೆಲ್ಫ್ ನಡುಗುತ್ತದೆ.

ವೈರಿಂಗ್. ಕತ್ತರಿಸಿದ ಹಳೇ ವೈರಿಗೆ ಗಂಟು ಹಾಕಿ ಉದ್ದ ಮಾಡಬೇಡಿ. ಕಾರ್ಖಾನೆಯ ಡಯಾಗ್ರಾಮ್ ಪ್ರಕಾರ ಹೊಸದಾಗಿ ಎಳೆಯಿರಿ. ಬಣ್ಣ ಅದೇ ಇರಲಿ, ದಪ್ಪ ಕಡಿಮೆ ಆಗದಿರಲಿ. ಸೀಟು ಕೂರಿಸುವ ಮೊದಲು ಎಳೆಯುವುದರಿಂದ ನಿಮಗೆ ಅನುಕೂಲ. ಬಾಗಿಲ ಕೆಳಗಿನ ಪಟ್ಟಿಯ ಪಕ್ಕದಲ್ಲಿ ಹಿಂದಿನ ದೀಪಗಳ ವೈರ್ ಹೋಗುವ ದಾರಿ ಖಾಲಿ ಸಿಗುತ್ತದೆ. ಅಮ್ಮೀಟರ್ ಇಟ್ಟು ಹೈ ಸ್ಪೀಡಿನಲ್ಲಿ ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತದೆ ಅಳೆದು, ಆ ಸಂಖ್ಯೆ ಬರೆದಿಡಿ. ಮುಂದೆ ಜಾಸ್ತಿ ಎಳೆದರೆ ಬುಶ್ ಬಿಗಿಯಾಗುತ್ತಿದೆ ಅಂತ ಗೊತ್ತಾಗುತ್ತದೆ. ಫ್ಯೂಸ್ ಇರುವುದು ವೈರ್ ಕಾಪಾಡಲು. ಫ್ಯೂಸ್ ಹೋಗುತ್ತಿದೆ ಅಂತ ದೊಡ್ಡದು ಹಾಕುವವರ ಗಾಡಿಯೇ ಸುಡುವುದು.

ಕೊನೆಗೆ ಅರ್ತ್. ಹೊಸ ಪೇಂಟ್ ಹೊಡೆದ ಗಾಡಿಯಲ್ಲಿ ಅರ್ಧ ತೊಂದರೆ ಇಲ್ಲೇ. ಬಣ್ಣದ ಮೇಲೆ ಸ್ಕ್ರೂ ಬಿಗಿದರೆ ಅರ್ತ್ ಸಿಗುವುದಿಲ್ಲ. ನಕ್ಷತ್ರದ ಹಲ್ಲಿರುವ ವಾಷರ್ ಹಾಕಿ, ಅದರ ಕೆಳಗಿನ ಬಣ್ಣವನ್ನು ರಿಂಗಿನಷ್ಟೇ ಜಾಗದಲ್ಲಿ ತೆಗೆಯಿರಿ. ಮೋಟಾರ್ ಓಡುವಾಗ ಅದರ ಮೈಗೂ ಬ್ಯಾಟರಿ ಮೈನಸ್‌ಗೂ ನಡುವೆ ವೋಲ್ಟೇಜ್ ಅಳೆಯಿರಿ. ಸೊನ್ನೆಯ ಹತ್ತಿರ ಇದ್ದರೆ ಸರಿ.

ನಾರ್ವುಡ್_ಕೂಪ್

ತಂತಿ ಅವರೇ, ಬೆಂಚ್ ಪರೀಕ್ಷೆ ಆಯಿತು. ನೀವು ಹೇಳಿದ ಹಾಗೇ ಮೊದಲು ಬಿಗಿ ಇತ್ತು, ಎಣ್ಣೆ ಬಿಟ್ಟು ರಾತ್ರಿ ಇಟ್ಟ ಮೇಲೆ ಸಲೀಸಾಯಿತು. ಒಂದು ಬ್ರಷ್ ತುಂಬಾ ಸವೆದಿತ್ತು, ಜೋಡಿಯನ್ನೇ ಬದಲಾಯಿಸಿದೆ. ಮ್ಯಾನ್ಯುವಲ್ ಬಂದಿದೆ. ಬೋರ್ಡಿನ ತೂತು, ಚಿತ್ರ ಎರಡೂ ತಾಳೆ ಆಗಿವೆ. ಟಾರ್ಷನ್ ರಾಡಿಗೆ ಎಲ್ಲೂ ತಾಗುವುದಿಲ್ಲ. ಗ್ರಿಲ್ಲಿನ ಪ್ಲಾಸ್ಟಿಕ್ ಮಾತ್ರ ಬಿಸಿಲಿಗೆ ಒಣಗಿ ಒಂದು ಮೂಲೆ ಕೈಗೇ ಬಂತು. ಅದನ್ನು ಅಂಟಿಸುವುದಾ, ಹೊಸದಾಗಿ ಮಾಡಿದ ನಕಲು ಹಾಕುವುದಾ?

ತಗಡಿನ_ಕೆಲಸ

ಹಳೇದನ್ನು ಹಿಂದಿನಿಂದ ಎಬಿಎಸ್ ಪ್ಲಾಸ್ಟಿಕ್ ಚೂರು ಕೊಟ್ಟು ಅಂಟಿಸಿ. ಮೇಲೆ ಕಾಣುವುದಿಲ್ಲ. ಹಳೇ ಗ್ರಿಲ್ಲಿನ ಮೇಲ್ಮೈ ನಕಲಿಗೆ ಬರುವುದಿಲ್ಲ. ಸ್ಕ್ರೂ ಜಾಸ್ತಿ ಬಿಗಿಯಬೇಡಿ, ಅಡಿಯಲ್ಲಿ ಹೊಸ ಫೋಮ್ ಪಟ್ಟಿ ಇಡಿ. ಹಳೇ ಫೋಮ್ ಪುಡಿಯಾಗಿದ್ದರೆ ಗಾಳಿ ಗ್ರಿಲ್ಲಿಗೆ ಬರುವ ಬದಲು ಡಿಕ್ಕಿಗೆ ಸೋರುತ್ತದೆ.

ಕಡಲತಡಿ

ಶೆಲ್ಫಿನಲ್ಲಿ ಹಿಂದಿನ ಸ್ಪೀಕರ್ ಹಾಕುವ ಯೋಚನೆ ಇದೆಯಾ? ಎರಡಕ್ಕೂ ಜಾಗ ಸಾಲುತ್ತದಾ?

ನಾರ್ವುಡ್_ಕೂಪ್

ಕಾರ್ಖಾನೆಯ ಹಿಂದಿನ ಸ್ಪೀಕರ್ ಆಪ್ಷನ್ ಯು80 ಅಂತ ಇತ್ತು. ನನಗೆ ಅದು ಬೇಡ. ಹೊಸಕಾಲದ ದೊಡ್ಡ ಸ್ಪೀಕರ್ ಹಾಕಬೇಕಾದರೆ ತಗಡು ಇನ್ನೂ ಕತ್ತರಿಸಬೇಕು, ಅದನ್ನು ಮಾಡುವುದಿಲ್ಲ. ಹೌಸಿಂಗ್ ಒಳಗೆ ವರ್ಷ ಬರೆದಾಯಿತು, ಕೊರೆಯುವ ಮೊದಲಿನ ಫೋಟೋ, ರಸೀದಿ, ಮಾಹಿತಿ ಕಿಟ್ ಫೈಲಿಗೆ ಸೇರಿವೆ. ಅಮ್ಮೀಟರ್ ಸಂಖ್ಯೆ ಸಿಕ್ಕ ಮೇಲೆ ಇಲ್ಲೇ ಹಾಕುತ್ತೇನೆ. ಬೇರೆ ಯಾರಾದರೂ ಸಿ50 ಮೋಟಾರ್ ಅಳೆದಿದ್ದರೆ ನಿಮ್ಮದನ್ನೂ ಹಾಕಿ, ಹೋಲಿಸಿ ನೋಡಲು ಅನುಕೂಲ ಆಗುತ್ತದೆ.